ಸಾಫ್ಟ್‌ವೇರ್‌ನವರು ದಿನವಿಡೀ ಏನು ಮಾಡುತ್ತಾರೆ?

ನನಗೆ ದಸರಾ ರಜೆ ಇದ್ದಾಗ ಬಡೇ ಅಬ್ಬಾ ಅವರ ಮಗಳು, ಅಂದರೆ ನಮ್ಮ ದೊಡ್ಡಪ್ಪನ ಮಗಳು, ಬೆಂಗಳೂರಿನಿಂದ ಕಡೂರಿನ ನಮ್ಮ ಮನೆಗೆ ಬಂದಿದ್ದರು. ಮನೆಯಲ್ಲಿ ಚಿಕ್ಕವರೆಲ್ಲ ಅವರನ್ನು ಆಪಾ ಎನ್ನುತ್ತೇವೆ. ಅವರು ಆರು ವರ್ಷದಿಂದ ಸಾಫ್ಟ್‌ವೇರ್ ಡೆವಲಪರ್. ಅವರಿಗೆ ರಜೆ ಇರಲಿಲ್ಲ. ಎರಡು ವಾರ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿತ್ತು, ಅಷ್ಟೇ.

ಎರಡನೇ ದಿನವೇ ದಾದಿಮಾ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು. "ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಇವಳು ಸುಮ್ನೆ ಸ್ಕ್ರೀನ್ ನೋಡ್ತಾ ಕೂತಿದಾಳೆ. ಬೆರಳು ಕೂಡ ಅಲ್ಲಾಡಲ್ಲ. ಇದಕ್ಕೆ ಯಾರು ಸಂಬಳ ಕೊಡ್ತಾರೆ?"

ನಾನು ನಕ್ಕೆ, ಆದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಪಿಯುಸಿ ಆದಮೇಲೆ ಏನು ಎಂದು ಕೇಳಿದರೆ ಅರ್ಧ ಜನ ಬಿಸಿಎ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ "ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಉದ್ಯೋಗ" ಎಂಬ ಪೋಸ್ಟರ್ ನೋಡಿದ್ದೇವೆ. ಆದರೆ ಆ ಕೆಲಸ ಸಿಕ್ಕಿದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡಬೇಕು ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಟಕಟಕ ಎಂದು ಟೈಪ್ ಮಾಡುತ್ತಾರೆ ಅಂದುಕೊಂಡಿದ್ದೆ.

ಹಾಗಾಗಿ ಕಾಮರ್ಸ್ ವಿದ್ಯಾರ್ಥಿಗೆ ಬರುವ ಒಂದೇ ವಿದ್ಯೆಯನ್ನು ಉಪಯೋಗಿಸಿದೆ. ಆಪಾ ಅವರ ಅನುಮತಿ ಕೇಳಿ, ಒಂದು ಲಾಂಗ್ ಬುಕ್ ಹಿಡಿದು ಮಂಗಳವಾರ ಪೂರ್ತಿ ಅವರ ಪಕ್ಕ ಕೂತು ಲೆಕ್ಕ ಬರೆದೆ. ಬೇರೆಯವರು ಬರೆದ ಕೋಡ್ ಓದಿದ್ದು 2 ಗಂಟೆ 25 ನಿಮಿಷ. ಪರೀಕ್ಷೆ ಮಾಡಿ ತಪ್ಪು ಹುಡುಕಿದ್ದು 2 ಗಂಟೆ 30 ನಿಮಿಷ. ಮೀಟಿಂಗ್ 1 ಗಂಟೆ 40 ನಿಮಿಷ. ಮೆಸೇಜು, ಮೇಲು 50 ನಿಮಿಷ. ಹೊಸದಾಗಿ ಕೋಡ್ ಬರೆದದ್ದು 1 ಗಂಟೆ 10 ನಿಮಿಷ. ಒಟ್ಟು 8 ಗಂಟೆ 35 ನಿಮಿಷದಲ್ಲಿ ಬರೆದದ್ದು ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ! ಆ ದಿನ ಸೇರಿಸಿದ್ದು 40 ಸಾಲು, ತೆಗೆದುಹಾಕಿದ್ದು 112 ಸಾಲು. "ಒಳ್ಳೆಯ ದಿನ" ಎಂದರು ಆಪಾ. ತೆಗೆದುಹಾಕಿದ್ದು ಹೆಚ್ಚಾದರೆ ಒಳ್ಳೆಯ ದಿನ ಹೇಗೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಇದು ಆಪಾ ಒಬ್ಬರ ಕಥೆಯೂ ಅಲ್ಲ, ಇವತ್ತಿನ ಕಥೆಯೂ ಅಲ್ಲ. ಅಮೆರಿಕದ ಫ್ರೆಡ್ ಬ್ರೂಕ್ಸ್ ಎಂಬುವರು ಐಬಿಎಂ ಕಂಪನಿಯಲ್ಲಿ ಬಹಳ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದವರು. ಅವರು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ಅದರಲ್ಲಿ ಸಮಯವನ್ನು ಹೀಗೆ ಹಂಚಿದ್ದಾರೆ: ಯೋಜನೆಗೆ ಮೂರನೇ ಒಂದು ಭಾಗ, ಕೋಡ್ ಬರೆಯಲು ಆರನೇ ಒಂದು ಭಾಗ, ಉಳಿದ ಅರ್ಧ ಪೂರ್ತಿ ಪರೀಕ್ಷೆಗೆ. ಆರು ತಿಂಗಳ ಕೆಲಸವಾದರೆ ಎರಡು ತಿಂಗಳು ಯೋಚನೆ, ಒಂದು ತಿಂಗಳು ಬರವಣಿಗೆ, ಮೂರು ತಿಂಗಳು ತಪ್ಪು ಹುಡುಕುವುದು. ತಡವಾಗಿರುವ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂಬ ಮಾತು ಕೂಡ ಅವರದೇ. ಹೊಸಬರಿಗೆ ಕಲಿಸಲು ಹಳಬರ ಸಮಯವೇ ಹೋಗುತ್ತದಲ್ಲ, ಅದಕ್ಕೆ.

ಮೊದಲು ಕೋಡ್ ಎಂದರೇನು ಎಂದು ಹೇಳಬೇಕು. ಕಂಪ್ಯೂಟರ್‌ಗೆ ಒಂದು ಕೆಲಸವನ್ನು ಹಂತ ಹಂತವಾಗಿ, ಅನುಮಾನಕ್ಕೆ ಜಾಗ ಇಲ್ಲದಂತೆ ಹೇಳಿಕೊಡುವ ಬರಹವೇ ಕೋಡ್. ಆ ಹಂತಗಳ ಕ್ರಮಕ್ಕೆ ಆಲ್ಗಾರಿದಮ್ ಎನ್ನುತ್ತಾರೆ. ಈ ಪದ ಬಂದದ್ದು ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಬೈತುಲ್ ಹಿಕ್ಮತ್‌ನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಜ್ಮಿ ಅವರ ಹೆಸರಿನಿಂದ. ಲ್ಯಾಟಿನ್ ಭಾಷೆಗೆ ಹೋಗುವಾಗ ಅವರ ಹೆಸರು ಹಾಗೆ ಬದಲಾಯಿತು. ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವ ಬಗೆಯನ್ನು ವಿವರಿಸಿ ಪುಸ್ತಕ ಬರೆದವರು ಅವರು. ಆಲ್ಜಿಬ್ರಾ ಎಂಬ ಪದ ಕೂಡ ಅವರ ಇನ್ನೊಂದು ಪುಸ್ತಕದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬುದರಿಂದ ಬಂದದ್ದು. ಆ ಪುಸ್ತಕದ ದೊಡ್ಡ ಭಾಗ ವಾರಸುದಾರರಿಗೆ ಆಸ್ತಿ ಪಾಲು ಹಾಕುವ ಲೆಕ್ಕಗಳದ್ದು. ಗಣಿತ ಕಂಡರೆ ಭಯ ಎನ್ನುವ ನನ್ನ ಗೆಳತಿಯರಿಗೆ ಇದನ್ನು ಹೇಳಿದಾಗ "ಅವರೂ ಅಕೌಂಟೆನ್ಸಿಯವರೇ ಬಿಡು" ಎಂದರು.

ಆಪಾ ಕೆಲಸ ಮಾಡುವ ಸಾಫ್ಟ್‌ವೇರ್ ಅಮೆರಿಕದ ಔಷಧಿ ಅಂಗಡಿಗಳ ಬಿಲ್ಲಿಂಗ್‌ಗೆ ಸಂಬಂಧಿಸಿದ್ದು. ಅದರಲ್ಲಿ ಲಕ್ಷಗಟ್ಟಲೆ ಸಾಲುಗಳಿವೆ. ಅವರು ಸೇರುವ ಮೊದಲೇ ಬಹುಪಾಲು ಬರೆದಾಗಿತ್ತು. ಬೆಳಿಗ್ಗೆ ಅವರಿಗೆ ಒಂದು 'ಟಿಕೆಟ್' ಬರುತ್ತದೆ. ರೈಲಿನ ಟಿಕೆಟ್ ಅಲ್ಲ, ಮಾಡಬೇಕಾದ ಕೆಲಸದ ಚೀಟಿ. ಇಂಥ ಬಿಲ್ಲಿನಲ್ಲಿ ರಿಯಾಯಿತಿ ಎರಡು ಸಲ ಕಳೆದಿದೆ, ಸರಿಪಡಿಸಿ, ಎಂದಿರುತ್ತದೆ. ಆಗ ಆ ರಿಯಾಯಿತಿ ಎಲ್ಲೆಲ್ಲಿ ಲೆಕ್ಕವಾಗುತ್ತದೆ ಎಂದು ಓದುತ್ತಾ ಹೋಗಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಲ್ಲಿಂದ ಮತ್ತೊಂದು ಕಡೆಗೆ. ದಾದಿಮಾ ನೋಡಿದ್ದು ಈ ಹೊತ್ತನ್ನು. 112 ಸಾಲು ತೆಗೆದದ್ದೂ ಇದರಲ್ಲೇ. ಒಂದೇ ಲೆಕ್ಕವನ್ನು ಮೂರು ಜನ ಮೂರು ಕಡೆ ಬರೆದಿಟ್ಟಿದ್ದರು, ಆಪಾ ಮೂರನ್ನೂ ತೆಗೆದು ಒಂದು ಕಡೆ ಮಾಡಿದರು.

ನಮಗೆ ಇದು ಹೊಸದೇನೂ ಅಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ಒದ್ದಾಡಿದವರಿಗೆಲ್ಲ ಗೊತ್ತು. ಎರಡೂ ಕಡೆ ವ್ಯತ್ಯಾಸ 90 ಬಂತು ಅನ್ನಿ. 9ರಿಂದ ಭಾಗವಾಗುತ್ತದೆ, ಹಾಗಾದರೆ ಅಂಕಿ ಅದಲುಬದಲಾಗಿರಬಹುದು, 540 ಇರಬೇಕಾದಲ್ಲಿ 450 ಬರೆದಿರಬಹುದು ಎಂದು ಹುಡುಕುತ್ತೇವೆ. ಆ ಹುಡುಕಾಟದಲ್ಲಿ ಪೆನ್ನು ಓಡುವುದಿಲ್ಲ, ಕಣ್ಣು ಮಾತ್ರ ಓಡುತ್ತದೆ. ಇನ್ನೂ ಕಷ್ಟದ್ದು ಬೇರೆ ಇದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಇರಬಹುದು ಎಂದು ಫಸ್ಟ್ ಪಿಯುಸಿಯಲ್ಲಿ ಓದಿದ್ದೇವೆ. ಒಂದು ವ್ಯವಹಾರವನ್ನೇ ಬರೆಯದೆ ಬಿಟ್ಟರೆ, ಯಂತ್ರ ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಹಾಕಿದರೆ, ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿದರೆ, ಒಟ್ಟು ಸರಿಯಾಗಿಯೇ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲೂ ಪ್ರೋಗ್ರಾಂ ನಿಂತುಹೋದರೆ ಅದು ಸುಲಭದ ತಪ್ಪಂತೆ. ಓಡುತ್ತಾ ಇರುತ್ತದೆ, ಉತ್ತರ ಮಾತ್ರ ತಪ್ಪು ಕೊಡುತ್ತದೆ ಎಂದರೆ ಅದೇ ಕೆಟ್ಟದ್ದು ಎಂದರು ಆಪಾ.

ತಪ್ಪಿಗೆ ಅವರು 'ಬಗ್' ಎನ್ನುತ್ತಾರೆ, ಅಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ಒಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಗ್ರೇಸ್ ಹಾಪರ್ ಇದ್ದ ತಂಡದವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿಟ್ಟರು. ಪದ ಅದಕ್ಕಿಂತ ಹಳೆಯದು, ಎಡಿಸನ್ ಕಾಲದಲ್ಲೇ ಇತ್ತು, ಆದರೆ ಹುಳು ಸಿಕ್ಕಿದ್ದು ಆಗಲೇ.

ಬುಧವಾರ ಆಪಾ ಅವರಿಗೆ ಸಿಟ್ಟು ಬಂತು. ತಪ್ಪು ನಮ್ಮದೇ. ಗ್ಯಾಸ್ ಸಿಲಿಂಡರ್‌ನವನು ಬಂದ, ದಾದಿಮಾ "ಎರಡೇ ನಿಮಿಷ ಬಾ, ಸಹಿ ಹಾಕು" ಎಂದರು. ಆಮೇಲೆ ಅಮ್ಮಿ ಚಹಾಕ್ಕೆ ಕರೆದರು. ಆಮೇಲೆ ನಾನೇ ಒಂದು ಪ್ರಶ್ನೆ ಕೇಳಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬೆಳಿಗ್ಗೆಯಿಂದ ಏನೂ ಆಗಿಲ್ಲ ಎಂದು ಮುಖ ಗಂಟು ಹಾಕಿಕೊಂಡರು. ಒಟ್ಟು ಸೇರಿದರೂ ಹತ್ತು ನಿಮಿಷ ಆಗಿರಲಿಲ್ಲವಲ್ಲ ಎಂದೆ. ಅವರು ನನ್ನ ಕೈಗೆ ಕ್ಯಾಶ್ ಬುಕ್ ಕೊಟ್ಟು, ಕ್ಯಾಲ್ಕುಲೇಟರ್ ಇಲ್ಲದೆ ಮೂವತ್ತು ಸಾಲು ಮನಸ್ಸಿನಲ್ಲೇ ಕೂಡಿಸು ಎಂದರು. ಇಪ್ಪತ್ತೆರಡನೇ ಸಾಲಿಗೆ ಬಂದಾಗ "ನಾಳೆ ಯಾವ ವಾರ?" ಎಂದು ಕೇಳಿದರು. ಗುರುವಾರ ಎಂದೆ. ಮತ್ತೆ ಮೇಲಿನಿಂದ ಶುರು ಮಾಡಬೇಕಾಯಿತು.

ಇದನ್ನು ದಾದಿಮಾಗೆ ಹೇಳಿದ ಮೇಲೆ ಅವರು ಒಂದು ಉಪಾಯ ಮಾಡಿದರು. ಆಪಾ ತಲೆಗೆ ದುಪಟ್ಟಾ ಸುತ್ತಿಕೊಂಡು ಹೆಡ್‌ಫೋನ್ ಹಾಕಿದ್ದರೆ ಯಾರೂ ಮಾತಾಡಿಸಬಾರದು, ಹೆಡ್‌ಫೋನ್ ಕುತ್ತಿಗೆಗೆ ಇಳಿದಿದ್ದರೆ ಮಾತಾಡಿಸಬಹುದು. ಮನೆಯಲ್ಲಿ ನಾಲ್ಕು ದಿನ ಇದು ನಡೆಯಿತು.

ಕೆಲಸದ ಹೊತ್ತಿನ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದಂತೆ. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ನಮಗೆ ಸಂಜೆ 6.30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದೇ ಮೀಟಿಂಗ್ ನಮಗೆ 7.30ಕ್ಕೆ ಬರುತ್ತದೆ, ಮಾರ್ಚ್‌ನಲ್ಲಿ ಮತ್ತೆ 6.30. ದಸರಾ ಹೊತ್ತಿಗೆ ಮಗ್ರಿಬ್ ಮುಗಿಸಿ ಕೂರಬಹುದು. ಜೂನ್, ಜುಲೈಯಲ್ಲಿ ಮಗ್ರಿಬ್ ಸರಿಯಾಗಿ ಮೀಟಿಂಗ್ ಮಧ್ಯೆ ಬರುತ್ತದೆ. ಮೊದಲ ವರ್ಷ ಆಪಾ ಹೇಳಲು ಸಂಕೋಚಪಟ್ಟು ಕಜಾ ಮಾಡುತ್ತಿದ್ದರಂತೆ. ಎರಡನೇ ವರ್ಷ ತಂಡದ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷ ನಮಾಜ್ ಎಂದೇ ಬರೆದು ಗುರುತು ಹಾಕಿದರು. ಯಾರೂ ಒಂದು ಮಾತು ಆಡಲಿಲ್ಲ. ಆ ಹೊತ್ತಿನಲ್ಲಿ ತಂಡದ ಇನ್ನೊಬ್ಬರು ಮಗುವನ್ನು ಟ್ಯೂಷನ್ನಿನಿಂದ ಕರೆತರಲು ಹೋಗಲು ಶುರು ಮಾಡಿದರಂತೆ.

ಎಷ್ಟು ಗಂಟೆ ದುಡಿಯಬೇಕು ಎಂಬುದು ದೊಡ್ಡ ಜಗಳ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ನಮಗೆಲ್ಲ ನೆನಪಿದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಐಟಿ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು. ನನಗೆ ಆಶ್ಚರ್ಯವಾದದ್ದು ಬೇರೆ ವಿಷಯ. ಈ ಕಂಪನಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಅದರಲ್ಲಿದೆ. ಅಂದರೆ ತರೀಕೆರೆಯ ನಮ್ಮ ಚಾಚಾ ಅವರ ಹಾರ್ಡ್‌ವೇರ್ ಅಂಗಡಿಯೂ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡವೂ ಒಂದೇ ಕಾಯ್ದೆಯ ಕೆಳಗೆ. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಮನಸ್ಸಿಟ್ಟು ಕೋಡ್ ಓದಿದ, ಬರೆದ ಹೊತ್ತು ಮೂರೂವರೆ ಗಂಟೆಯಷ್ಟು. ಆಮೇಲೆ ಆಪಾ ಮಾಡಿದ ತಪ್ಪುಗಳನ್ನು ಮರುದಿನ ಆಪಾ ಅವರೇ ಸರಿಪಡಿಸಿದರು. 70 ಗಂಟೆ ಎನ್ನುವವರು ಈ ಬಾಬತ್ತನ್ನು ಯಾವ ಖಾತೆಗೆ ಹಾಕುತ್ತಾರೋ.

ಹೀಗೆ ಚಾಚಾ ಅಂಗಡಿಯ ಮಾತು ಬಂತಲ್ಲ, ಶುಕ್ರವಾರ ಜುಮ್ಮಾ ಆದಮೇಲೆ ನಾವು ಬಸ್ಸಿನಲ್ಲಿ ಬೀರೂರು ಮೇಲೆ ತರೀಕೆರೆಗೆ ಹೋದೆವು. ಆಪಾ ಅರ್ಧ ದಿನ ರಜೆ ಹಾಕಿದ್ದರು. ಅಂಗಡಿಗೆ ಹೋಗುವಷ್ಟರಲ್ಲಿ ಒಬ್ಬ ಗಿರಾಕಿ ಜೋರಾಗಿ ಮಾತಾಡುತ್ತಿದ್ದರು. ವಿಷಯ ಹೀಗಿತ್ತು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಇಳಿಸುವ ತೀರ್ಮಾನ ಮಾಡಿತು, 22ರಿಂದ ಜಾರಿಗೆ ಬಂತು. ಸಿಮೆಂಟು ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಗಿರಾಕಿ 20ರಂದು ಕೊಂಡ ಸಿಮೆಂಟಿನಲ್ಲಿ 8 ಮೂಟೆ ಉಳಿದು ವಾಪಸ್ ತಂದಿದ್ದರು. ಮೂಟೆಗೆ ಮೂಲ ಬೆಲೆ 300 ರೂಪಾಯಿ ಎಂದು ಇಟ್ಟುಕೊಳ್ಳಿ. 8 ಮೂಟೆಗೆ 2,400, ಹಳೆ ತೆರಿಗೆ 672 ಸೇರಿ ಅವರು ಕೊಟ್ಟದ್ದು 3,072. ಅಂಗಡಿಯ ಕಂಪ್ಯೂಟರ್ ಹೊಸ ತೆರಿಗೆ 432 ಹಾಕಿ ವಾಪಸ್ ಕೊಡಬೇಕಾದ್ದು 2,832 ಎಂದು ತೋರಿಸುತ್ತಿತ್ತು. 240 ರೂಪಾಯಿ ಎಲ್ಲಿ ಹೋಯಿತು ಎಂದು ಗಿರಾಕಿ ಕೇಳಿದರೆ ಚಾಚಾ "ಕಂಪ್ಯೂಟರ್ ತೋರಿಸ್ತಾ ಇದೆ ಸ್ವಾಮಿ, ನಾನೇನು ಮಾಡ್ಲಿ" ಎನ್ನುತ್ತಿದ್ದರು.

ನಾನು ಹೇಳಿದೆ, ಕ್ರೆಡಿಟ್ ನೋಟ್ ಮೂಲ ಬಿಲ್ಲಿಗೆ ಸೇರಿದ್ದು, ಹಾಗಾಗಿ ಆ ಬಿಲ್ಲಿನ ದರವೇ ಬರಬೇಕು ಚಾಚಾ. ಚಾಚಾ ಮೊದಲ ಸಲ ನನ್ನನ್ನು ದೊಡ್ಡವರನ್ನು ನೋಡುವ ಹಾಗೆ ನೋಡಿದರು. ಕೈಬರಹದಲ್ಲಿ ಕ್ರೆಡಿಟ್ ನೋಟ್ ಬರೆದು 3,072 ಕೊಟ್ಟರು.

ಆಮೇಲೆ ಆಪಾ ಇದರ ಒಳಗಿನದನ್ನು ವಿವರಿಸಿದರು. ಆ ಬಿಲ್ಲಿಂಗ್ ಪ್ರೋಗ್ರಾಂ ಬರೆದವರು ಸಿಮೆಂಟಿನ ಮುಂದೆ ತೆರಿಗೆ ದರಕ್ಕೆ ಒಂದೇ ಒಂದು ಖಾನೆ ಇಟ್ಟಿದ್ದಾರೆ. 28 ಅಳಿಸಿ 18 ಬರೆದ ಕೂಡಲೇ ಹಳೆಯದು ಇಲ್ಲವೇ ಇಲ್ಲ. ದರದ ಜೊತೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಇಟ್ಟಿದ್ದರೆ ಈ ಜಗಳ ಇರುತ್ತಿರಲಿಲ್ಲ. ಬರೆದವರಿಗೆ ಕೋಡ್ ಬರುತ್ತಿತ್ತು, ಸರಕು ವಾಪಸ್ ಬರುತ್ತದೆ ಎಂಬುದು ಹೊಳೆಯಲಿಲ್ಲ. ಡೆವಲಪರ್ ಕೆಲಸ ಶುರು ಮಾಡುವ ಮೊದಲು ಗಿರಾಕಿಗಳನ್ನು, ಅಂಗಡಿಯವರನ್ನು ಅಷ್ಟೊಂದು ಪ್ರಶ್ನೆ ಕೇಳುವುದು ಇದಕ್ಕೇ. ಮಂಗಳವಾರ ಮೀಟಿಂಗ್‌ನಲ್ಲಿ ಆಪಾ ಕೇಳಿದ ಪ್ರಶ್ನೆಗಳು ನನಗೆ ಆಗ ಬಾಲಿಶ ಅನ್ನಿಸಿದ್ದವು. ಬಿಲ್ ಆದಮೇಲೆ ಗಿರಾಕಿ ಸತ್ತುಹೋದರೆ ಹಣ ಯಾರಿಗೆ ವಾಪಸ್, ಎಂದೂ ಕೇಳಿದ್ದರು.

ಚಾಚಾ ಅವರದ್ದು ಯಾರೋ ಮಾಡಿಕೊಟ್ಟ ಸಣ್ಣ ಪ್ರೋಗ್ರಾಂ. ನಾವು ಕಲಿಯುವ ಟ್ಯಾಲಿಯ ಹುಟ್ಟು ಇದಕ್ಕೆ ಪೂರ್ತಿ ಉಲ್ಟಾ. ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಎಂಬ ವ್ಯಾಪಾರಿಗೆ ತಮ್ಮ ವ್ಯವಹಾರದ ಲೆಕ್ಕ ಇಡಲು ಒಪ್ಪುವಂಥ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ನೀನೇ ಮಾಡು ಎಂದರು. 1986ರಲ್ಲಿ ಇಬ್ಬರೂ ಸೇರಿ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಶುರು ಮಾಡಿದರು. ಸಾಫ್ಟ್‌ವೇರಿಗೆ ಮೊದಲು ಬೇರೆ ಹೆಸರಿತ್ತು. ಆಮೇಲೆ ಟ್ಯಾಲಿ ಆಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಲೆಕ್ಕ ಬರೆಯುವವರ ಕಷ್ಟ ಏನೆಂದು ಮನೆಯಲ್ಲೇ ಕೇಳಿಸಿಕೊಂಡು ಕೋಡ್ ಬರೆದದ್ದು ಇಲ್ಲಿ ಕೆಲಸಕ್ಕೆ ಬಂದಿರಬೇಕು ಎಂದು ನನ್ನ ಅಂದಾಜು.

ಶನಿವಾರ ಅಜ್ಜಂಪುರದಲ್ಲಿ ಫುಫು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ರಾತ್ರಿ 9.30ಕ್ಕೆ ಆಪಾ ಫೋನ್ ಒಂದು ವಿಚಿತ್ರ ಸದ್ದು ಮಾಡಿತು. ತಂಡದಲ್ಲಿ ವಾರಕ್ಕೆ ಒಬ್ಬರು ಪಾಳಿಯ ಮೇಲೆ ತುರ್ತು ಕರೆಗೆ ಸಿದ್ಧ ಇರಬೇಕು, ಆ ವಾರ ಆಪಾ ಸರದಿ. ಅಲ್ಲಿ ಮಧ್ಯಾಹ್ನ 12 ಗಂಟೆ, ಅಂಗಡಿಗಳಲ್ಲಿ ಜನ ತುಂಬಿದ್ದಾರೆ, ದಿನದ ಬಿಲ್ಲುಗಳ ಒಟ್ಟಿಗೂ ತೆರಿಗೆಯ ಒಟ್ಟಿಗೂ ತಾಳೆಯಾಗುತ್ತಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಬಿರಿಯಾನಿ ತಟ್ಟೆ ಪಕ್ಕಕ್ಕಿಟ್ಟು, ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ, ಈರುಳ್ಳಿ ಮೂಟೆಗಳಿದ್ದ ಜಗಲಿಯಲ್ಲಿ ಸಿಗ್ನಲ್ ಸಿಗುವ ಮೂಲೆ ಹುಡುಕಿ ಕೂತರು. ಎರಡು ಗಂಟೆ ಹಿಡಿಯಿತು. ಫುಫು ಎರಡು ಸಲ ಬಿರಿಯಾನಿ ಬಿಸಿ ಮಾಡಿದರು.

ತಪ್ಪು ಎಷ್ಟು ಎಂದರೆ ಬಿಲ್ಲಿಗೆ ಒಂದು ಸೆಂಟ್. ಈರುಳ್ಳಿ ವ್ಯಾಪಾರ ಮಾಡುವ ಫುಫಾಗೆ ನಗು ಬಂತು. "ನಾವು ಚಿಲ್ಲರೆಯನ್ನ ಬಿಟ್ಟೇಬಿಡ್ತೀವಿ" ಎಂದರು. ಆಪಾ ನಮ್ಮ ಲೆಕ್ಕದಲ್ಲೇ ತೋರಿಸಿದರು. 33.30 ರೂಪಾಯಿಯ ಮೂರು ಸಾಮಾನು, ತೆರಿಗೆ ಶೇ. 5. ಒಂದೊಂದಕ್ಕೆ ಬೇರೆ ಬೇರೆ ಲೆಕ್ಕ ಮಾಡಿದರೆ 1.665, ಅದನ್ನು 1.67 ಮಾಡುತ್ತೇವೆ, ಮೂರಕ್ಕೆ 5.01. ಮೊದಲು ಕೂಡಿಸಿ 99.90ಕ್ಕೆ ತೆರಿಗೆ ಹಾಕಿದರೆ 4.995, ಅಂದರೆ 5.00. ಪ್ರೋಗ್ರಾಮಿನ ಒಂದು ಭಾಗ ಮೊದಲ ರೀತಿ, ಇನ್ನೊಂದು ಭಾಗ ಎರಡನೇ ರೀತಿ ಮಾಡುತ್ತಿತ್ತು. ಒಂದು ಪೈಸೆ ಎರಡು ಲಕ್ಷ ಬಿಲ್ಲಿಗೆ ಎರಡು ಸಾವಿರ ರೂಪಾಯಿ. ಫುಫಾ ನಗು ನಿಲ್ಲಿಸಿದರು.

ಇದರ ಜೊತೆ ನಾನು ನಂಬದ ಒಂದು ವಿಷಯವನ್ನೂ ಆಪಾ ತೋರಿಸಿದರು. ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಎನ್ನುತ್ತದೆ. ನಮ್ಮ ಲ್ಯಾಬಿನಲ್ಲಿ ಪೈಥಾನ್ ಇದ್ದರೆ ನೀವೂ ನೋಡಬಹುದು. ನಾವು ಮೂರನೇ ಒಂದನ್ನು 0.333 ಎಂದು ಬರೆಯುತ್ತಾ ಹೋದರೂ ಮುಗಿಯುವುದಿಲ್ಲವಲ್ಲ, ಹಾಗೆ ಸೊನ್ನೆ ಮತ್ತು ಒಂದರಲ್ಲಿ ಮಾತ್ರ ಎಣಿಸುವ ಕಂಪ್ಯೂಟರಿಗೆ ಹತ್ತನೇ ಒಂದು ಮುಗಿಯುವುದಿಲ್ಲ. ಅದಕ್ಕೆ ಹಣದ ಲೆಕ್ಕ ಬರೆಯುವ ಡೆವಲಪರ್‌ಗಳು ರೂಪಾಯಿಯನ್ನು ದಶಾಂಶದಲ್ಲಿ ಇಡದೆ ಪೈಸೆಯಾಗಿ, ಪೂರ್ಣಾಂಕವಾಗಿ ಇಡುವ ಅಭ್ಯಾಸ ಮಾಡಿಕೊಂಡಿರುತ್ತಾರೆ.

ಅಭ್ಯಾಸ ಎಂದಾಗ ನನಗೆ ಬಹಳ ಹಿಡಿಸಿದ್ದು ಗಿಟ್. ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದರು. ಕೋಡಿನಲ್ಲಿ ಮಾಡಿದ ಒಂದೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರು ಎಂದು ದಾಖಲೆ ಇಡುವ ಪುಸ್ತಕ ಅದು. ಹಳೆ ನಮೂದನ್ನು ಅಳಿಸುವುದಿಲ್ಲ, ತಪ್ಪಾದರೆ ಅದನ್ನು ಸರಿಮಾಡುವ ಹೊಸ ನಮೂದು ಹಾಕುತ್ತಾರೆ. ನಮ್ಮ ರೆಕ್ಟಿಫಿಕೇಷನ್ ಎಂಟ್ರಿ ಇದೇ ತಾನೆ! ಜರ್ನಲ್ ಎಂಟ್ರಿ ಕೆಳಗೆ ನರೇಷನ್ ಬರೆಯದಿದ್ದರೆ ನಮ್ಮ ಮೇಡಂ ಮಾರ್ಕ್ಸ್ ಕಟ್ ಮಾಡುವ ಹಾಗೆ, ಅಲ್ಲಿಯೂ ಏಕೆ ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ಆ ರಾತ್ರಿ ಒಂದು ಸೆಂಟಿನ ತಪ್ಪು ಎಲ್ಲಿಂದ ಬಂತು ಎಂದು ಹುಡುಕಿದಾಗ ನಾಲ್ಕು ವರ್ಷದ ಹಿಂದಿನ ಒಂದು ನಮೂದು ಸಿಕ್ಕಿತು. ನರೇಷನ್ ಜಾಗದಲ್ಲಿ "ಸರಿ ಮಾಡಿದೆ" ಎಂದಷ್ಟೇ ಇತ್ತು. ಬರೆದವರು ಯಾರು ಎಂದು ನೋಡಿದರೆ ಆಪಾ ಅವರೇ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಕೊಡದೆ ಅದು ಗಿರಾಕಿಗೆ ಹೋಗುವುದಿಲ್ಲ. ಇದನ್ನು ರಿವ್ಯೂ ಎನ್ನುತ್ತಾರೆ, ನಾವು ಆಡಿಟ್ ಎನ್ನುತ್ತೇವೆ. ಬೇರೆಯವರು ತಪ್ಪು ತೋರಿಸಿದಾಗ ಮೊದಲ ವರ್ಷ ಅಳು ಬರುತ್ತಿತ್ತು, ಈಗ ಬರುವುದಿಲ್ಲ ಎಂದರು.

ಎಐ ಬಂದಮೇಲೆ ಈ ಕೆಲಸ ಉಳಿಯುತ್ತದಾ ಎಂದು ನಾನು ಕೇಳಲೇಬೇಕಿತ್ತು, ಕೇಳಿದೆ. ಆಪಾ ಈಗಾಗಲೇ ಅದನ್ನು ಬಳಸುತ್ತಾರೆ. ಟೈಪ್ ಮಾಡುವ ಭಾಗವನ್ನು ಅದು ಬೇಗ ಮಾಡಿಕೊಡುತ್ತದೆ, ಅಂದರೆ ನನ್ನ ಲೆಕ್ಕದ 1 ಗಂಟೆ 10 ನಿಮಿಷ. ಓದುವುದು ಮಾತ್ರ ಹೆಚ್ಚಾಗಿದೆಯಂತೆ, ಏಕೆಂದರೆ ಅದು ಬರೆದದ್ದನ್ನೂ ಓದಿ ಜವಾಬ್ದಾರಿ ಹೊರಬೇಕು. ಹೊಸಬರಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೆಲಸಗಳು ಅದರ ಪಾಲಾಗುತ್ತಿವೆ, ನಿಮ್ಮ ಬ್ಯಾಚಿಗೆ ನಮಗಿಂತ ಕಷ್ಟ ಇರುತ್ತದೆ ಎಂದು ಸುಳ್ಳು ಸಮಾಧಾನ ಮಾಡದೆ ಹೇಳಿದರು. ಮೂರು ತಿಂಗಳ ಪೋಸ್ಟರ್ ಬಗ್ಗೆ ಕೇಳಿದ್ದಕ್ಕೆ, ಮೂರು ತಿಂಗಳಲ್ಲಿ ಭಾಷೆಯ ವ್ಯಾಕರಣ ಬರಬಹುದು, ಬೇರೆಯವರ ತಪ್ಪು ಹುಡುಕಲು ಮೂರು ವರ್ಷ ಬೇಕು, ಹಣ ಕಟ್ಟುವ ಮೊದಲು ಅಲ್ಲಿ ಕಲಿತ ಇಬ್ಬರನ್ನು ಹುಡುಕಿ ಮಾತಾಡಿಸು ಎಂದರು. ಆಪಾ ಓದಿದ್ದು ಪಿಯುಸಿಯಲ್ಲಿ ಕಾಮರ್ಸ್, ಆಮೇಲೆ ಬಿಸಿಎ, ಎಂಸಿಎ. ಅವರಿಗೆ ಬೆನ್ನುನೋವು ಇದೆ, ಕನ್ನಡಕದ ಪವರ್ ಏರಿದೆ. ದಾದಿಮಾ ಹೇಳಿದ್ದಕ್ಕೆ ಈಗ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಡೆಯುತ್ತಾರೆ.

ಕೊನೆಗೆ ನನ್ನದೇ ಒಂದು ವಿಷಯ, ನಿಮ್ಮಲ್ಲೂ ಹಲವರಿಗೆ ಆಗಿರುವುದು. ನಾನು ಹಾಕಿದ್ದ ಸ್ಕಾಲರ್‌ಶಿಪ್ ಅರ್ಜಿ "ಹೆಸರು ಹೊಂದಿಕೆಯಾಗುತ್ತಿಲ್ಲ" ಎಂದು ಎರಡು ಸಲ ವಾಪಸ್ ಬಂದಿತ್ತು. ಹೆಸರು ನನ್ನದೇ, ನಾನು ಬದುಕಿಯೇ ಇದ್ದೇನೆ, ಆದರೂ ಹೊಂದಿಕೆಯಾಗುತ್ತಿಲ್ಲ. ಭಾನುವಾರ ಆಪಾ ಎರಡೂ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದೆ, ಇನ್ನೊಂದರಲ್ಲಿ ಹಿಂದೆ. ಕಂಪ್ಯೂಟರ್ ಎರಡು ಹೆಸರನ್ನು ಹೋಲಿಸುವಾಗ ಅಕ್ಷರಕ್ಕೆ ಅಕ್ಷರ ನೋಡುತ್ತದೆ, ಒಂದು ಖಾಲಿ ಜಾಗ ಹೆಚ್ಚಾದರೂ ಅದಕ್ಕೆ ಬೇರೆ ಮನುಷ್ಯ. ಮೊಹಮ್ಮದ್, ಮಹಮ್ಮದ್, ಮೊಹಮದ್, ಎಂಡಿ ಎಂದು ಒಂದೇ ಹೆಸರನ್ನು ನಾಲ್ಕು ಗುಮಾಸ್ತರು ನಾಲ್ಕು ರೀತಿ ಬರೆಯುತ್ತಾರೆ. ಸೈಯದ್, ಸಯ್ಯದ್ ಕೂಡ ಹಾಗೆಯೇ. ಕನ್ನಡದಲ್ಲಿ ಇನ್ನೊಂದು ತೊಡಕು. ಅಮ್ಜದ್ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ಅ, ಮ, ಒಂದು ಹಲಂತ, ಜ, ದ, ಮತ್ತೊಂದು ಹಲಂತ ಎಂದು ಆರು. ಆ ಫಾರಂ ಬರೆದ ಡೆವಲಪರ್ ಕೆಟ್ಟವರಾಗಿರಬೇಕಿಲ್ಲ ಎಂದರು ಆಪಾ. ಅವರ ಮನೆಯಲ್ಲಿ ಎಲ್ಲರ ಹೆಸರೂ ಎಲ್ಲ ದಾಖಲೆಯಲ್ಲೂ ಒಂದೇ ರೀತಿ ಇದ್ದಿರಬಹುದು, ನಮ್ಮಂಥವರನ್ನು ಕೇಳಬೇಕೆಂದು ಹೊಳೆದಿರಲಿಕ್ಕಿಲ್ಲ.

ನಾನು ಇನಿಷಿಯಲ್ ತಿದ್ದಿಸಲು ಅರ್ಜಿ ಕೊಟ್ಟೆ. ಆಪಾ ಸೋಮವಾರ ಬೆಳಿಗ್ಗೆ ಕಡೂರಿನಿಂದ ರೈಲಿಗೆ ಹೋದರು, ಮೀಟಿಂಗ್ ಇತ್ತು, ರೈಲಿನಲ್ಲೇ ಕೂತು ಮಾತಾಡಿದರಂತೆ. ಮೊನ್ನೆ ತಿದ್ದಿದ ದಾಖಲೆ ಕೈಗೆ ಬಂತು. ಸ್ಕಾಲರ್‌ಶಿಪ್‌ಗೆ ಮೂರನೇ ಸಲ ಹಾಕಿದ್ದೇನೆ. ಈ ಸಲ "ಪರಿಶೀಲನೆಯಲ್ಲಿದೆ" ಎಂದು ಬಂದಿದೆ. ನಿಮ್ಮ ಅರ್ಜಿಯೂ ಹೀಗೆ ವಾಪಸ್ ಬಂದಿದ್ದರೆ ಮಾರ್ಕ್ಸ್ ಕಾರ್ಡ್ ಮತ್ತು ಆಧಾರ್ ಎರಡನ್ನೂ ತೆಗೆದುಕೊಂಡು ಬನ್ನಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಲೈಬ್ರರಿಯಲ್ಲಿ ಇರುತ್ತೇನೆ, ಪಕ್ಕಪಕ್ಕ ಇಟ್ಟು ನೋಡೋಣ.